ಕೆಎ ನಂಬರಿನ ಡಿಎಲ್, ಜರ್ಮನಿಯ ರಸ್ತೆ: ಅನುಭವ ಕಲಿಸಿದ ಹನ್ನೆರಡು ಪಾಠಗಳು

ಕೆಲಸ ಸಿಕ್ಕಿ ಜರ್ಮನಿಗೆ ಬರುವ ಕನ್ನಡಿಗರು ಪರ್ಸಿನಲ್ಲಿ ಡಿಎಲ್ ಇಟ್ಟುಕೊಂಡೇ ಬರುತ್ತಾರೆ. ಕೆಲವರದು ಜಯನಗರ ಆರ್‌ಟಿಒದ್ದು, ಕೆಲವರದು ಮೈಸೂರಿನದು, ಮಂಗಳೂರಿನದು. ಆಫೀಸಿನಲ್ಲಿ ಪಕ್ಕದಲ್ಲಿ ಕೂರುವ ಜಪಾನಿನವರೋ ಕೊರಿಯಾದವರೋ ತಮ್ಮ ದೇಶದ ಲೈಸೆನ್ಸ್ ಒಪ್ಪಿಸಿ, ಯಾವ ಪರೀಕ್ಷೆಯೂ ಇಲ್ಲದೆ ಜರ್ಮನಿಯ ಲೈಸೆನ್ಸ್ ಪಡೆಯುತ್ತಾರೆ. ನಮಗೆ ಮಾತ್ರ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ. ಇಲ್ಲಿನ ಚಾಲನಾ ಪರವಾನಗಿ ನಿಯಮಾವಳಿಯ 11ನೇ ಅನುಬಂಧದಲ್ಲಿ ಯಾವ ದೇಶಗಳಿಗೆ ಪರೀಕ್ಷೆಯಿಂದ ವಿನಾಯಿತಿ ಎಂಬ ಪಟ್ಟಿ ಇದೆ. ಭಾರತ ಅದರಲ್ಲಿ ಇಲ್ಲ. ಇದನ್ನು ಅವಮಾನ ಅಂದುಕೊಳ್ಳುವುದು ಬೇಡ.

ನಾನು ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗನ್‌ನಲ್ಲಿ ನೆಲೆಸಿರುವವಳು. ನನ್ನ ಲೈಸೆನ್ಸ್ ಬದಲಾಯಿಸಿಕೊಂಡ ಮೇಲೆ ಹೊಸದಾಗಿ ಬಂದ ಅನೇಕರ ಅರ್ಜಿಗಳನ್ನು ಜೊತೆಗೆ ಕೂತು ತುಂಬಿಸಿದ್ದೇನೆ, ಥಿಯರಿಗೆ ಓದಿಸಿದ್ದೇನೆ. ಬಹುತೇಕರು ಹೇಳುವ ಮಾತು ಒಂದೇ: "ಅಕ್ಕಾ, ಹತ್ತು ವರ್ಷ ಬೆಂಗಳೂರಲ್ಲಿ ಓಡಿಸಿದೀನಿ, ಇಲ್ಲಿ ಓಡಿಸೋದೇನು ಕಷ್ಟ?" ಆ ಹತ್ತು ವರ್ಷದ ಅನುಭವಕ್ಕೆ ಬೆಲೆ ಇದೆ. ಆದರೆ ಬೆಂಗಳೂರಿನಲ್ಲಿ ನಾವು ಎದುರಿನವರ ಮುಖ, ಧೈರ್ಯ, ಅವಸರ ನೋಡಿ ಗಾಡಿ ಓಡಿಸುತ್ತೇವೆ. ಇಲ್ಲಿ ಎದುರಿನವರು ನಮ್ಮನ್ನು ನೋಡುವುದೇ ಇಲ್ಲ. ನಿಯಮವನ್ನು ನಂಬಿ ನುಗ್ಗುತ್ತಾರೆ. ಪರೀಕ್ಷೆ ಅಳೆಯುವುದು ಆ ನಂಬಿಕೆಗೆ ನಾವು ತಕ್ಕವರೇ ಎಂಬುದನ್ನು. ಕೆಳಗಿನ ಪಾಠಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕೆಂದು ಕೋರುತ್ತೇನೆ.

1. ವಿಮಾನ ಹತ್ತುವ ಮೊದಲೇ ಕಾರ್ಡ್ ಸರಿಮಾಡಿಸಿ

ನಮ್ಮವರ ಅರ್ಜಿಗಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ಡಿಎಲ್‌ನಲ್ಲಿ ಇನಿಷಿಯಲ್ ಹಿಂದೆ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ತಂದೆಯ ಹೆಸರಾಗಿಯೋ ಊರಿನ ಹೆಸರಾಗಿಯೋ ಬಿಡಿಸಿ ಬರೆದಿರುತ್ತದೆ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಕರ್ನಾಟಕದಲ್ಲಿ ಇದೆಲ್ಲ ಒಬ್ಬರೇ ಎಂದು ಯಾರಿಗಾದರೂ ಅರ್ಥವಾಗುತ್ತದೆ. ಜರ್ಮನ್ ಗುಮಾಸ್ತರಿಗೆ ಮಾತ್ರ ಎರಡು ಕಾಗದದಲ್ಲಿ ಎರಡು ಹೆಸರು ಕಂಡರೆ ಅದು ಇಬ್ಬರು. ಸಾರಥಿ ಪೋರ್ಟಲ್‌ನಲ್ಲಿ ಹೆಸರು ತಿದ್ದಿಸುವ ಸೇವೆ ಇದೆ. ಊರಿನಲ್ಲಿರುವಾಗಲೇ ಡಿಎಲ್ ಹೆಸರನ್ನು ಪಾಸ್‌ಪೋರ್ಟಿಗೆ ಅಕ್ಷರಕ್ಕೆ ಅಕ್ಷರ ಹೊಂದಿಸಿಕೊಳ್ಳಿ.

ಹಳೆಯ ಪುಸ್ತಕದ ರೂಪದ ಡಿಎಲ್ ಇದ್ದರೆ ಸ್ಮಾರ್ಟ್ ಕಾರ್ಡ್ ಮಾಡಿಸಿ. ರಿನ್ಯೂವಲ್ ಆಗಿ, ಮೊದಲು ಲೈಸೆನ್ಸ್ ಪಡೆದ ದಿನಾಂಕ ಕಾರ್ಡಿನಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಡಿಎಲ್ ಎಕ್ಸ್‌ಟ್ರಾಕ್ಟ್ ತೆಗೆಸಿಟ್ಟುಕೊಳ್ಳಿ. ವ್ಯಾಲಿಡಿಟಿ ಮುಗಿಯಲು ಒಂದು ವರ್ಷದೊಳಗಿದ್ದರೆ ರಿನ್ಯೂವಲ್‌ಗೆ ಈಗಲೇ ಅರ್ಜಿ ಹಾಕಬಹುದು. ಬದಲಾವಣೆ ನಡೆಯುತ್ತಿರುವಾಗ ಡಿಎಲ್ ಅವಧಿ ಮುಗಿದರೆ ತೊಂದರೆ ತಪ್ಪಿದ್ದಲ್ಲ. ಡಿಜಿಲಾಕರ್ ಪ್ರತಿ ನಮ್ಮ ಪೊಲೀಸರಿಗೆ ಸಾಕು, ಇಲ್ಲಿ ಕಾರ್ಡೇ ಬೇಕು.

ಎಲ್‌ಎಲ್‌ಆರ್‌ಗೆ ಇಲ್ಲಿ ಮಾನ್ಯತೆ ಇಲ್ಲ. ಜರ್ಮನಿಯಲ್ಲಿ ನೆಲೆಸಿದ ಮೇಲೆ ರಜೆಗೆ ಊರಿಗೆ ಹೋಗಿ ಡಿಎಲ್ ಮಾಡಿಸಿಕೊಂಡು ಬಂದರೆ ಅದಕ್ಕೂ ಇಲ್ಲ. ಡಿಎಲ್ ಪಡೆದಾಗ ನೀವು ಭಾರತದ ವಾಸಿಯಾಗಿದ್ದಿರಬೇಕು.

2. ಆರು ತಿಂಗಳ ಲೆಕ್ಕ ಎಂದು ಶುರುವಾಗುತ್ತದೆ ಎಂದು ಬರೆದಿಡಿ

ಭಾರತದ ಡಿಎಲ್ ಇಟ್ಟುಕೊಂಡು ಇಲ್ಲಿ ಆರು ತಿಂಗಳು ಗಾಡಿ ಓಡಿಸಬಹುದು. ಲೆಕ್ಕ ಶುರುವಾಗುವುದು ನೀವು ಇಲ್ಲಿ ವಾಸಕ್ಕೆ ನಿಂತ ದಿನದಿಂದ. ಸಾಮಾನ್ಯವಾಗಿ ವಿಳಾಸ ನೋಂದಣಿಯ ದಿನಾಂಕವನ್ನೇ ಅದಕ್ಕೆ ಆಧಾರವಾಗಿ ನೋಡುತ್ತಾರೆ. ಕಾರು ಕೊಂಡ ದಿನದಿಂದಲ್ಲ, ವೀಸಾ ಕಾರ್ಡ್ ಕೈಗೆ ಬಂದ ದಿನದಿಂದಲೂ ಅಲ್ಲ.

ಊರಿನಿಂದ ತಂದ ಇಂಟರ್‌ನ್ಯಾಷನಲ್ ಪರ್ಮಿಟ್ ಒಂದು ವರ್ಷದ್ದು ಎಂದು ನಂಬಿ ಕೂರುವವರಿದ್ದಾರೆ. ಅದು ಡಿಎಲ್‌ನ ಜೊತೆ ತೋರಿಸುವ ಕಾಗದ ಅಷ್ಟೆ, ಆರು ತಿಂಗಳನ್ನು ಹನ್ನೆರಡು ಮಾಡುವುದಿಲ್ಲ. ಆನ್‌ಸೈಟ್ ಕೆಲಸಕ್ಕೆ ಬಂದು ಒಂದು ವರ್ಷದೊಳಗೆ ವಾಪಸ್ ಹೋಗುವವರು ಮಾತ್ರ, ಅದನ್ನು ಮನವರಿಕೆ ಮಾಡಿಕೊಟ್ಟು ಹನ್ನೆರಡು ತಿಂಗಳವರೆಗೆ ವಿಸ್ತರಣೆ ಕೇಳಬಹುದು. ಆರು ತಿಂಗಳು ಮುಗಿಯುವ ಮೊದಲೇ ಕೇಳಬೇಕು.

3. ಗಡುವು ದಾಟಿದ ಮೇಲೆ ಸ್ಟಿಯರಿಂಗ್ ಮುಟ್ಟಬೇಡಿ

ಆರು ತಿಂಗಳು ಕಳೆದ ಮೇಲೂ ಲೈಸೆನ್ಸ್ ಬದಲಾವಣೆಗೆ ಅರ್ಜಿ ಹಾಕುವ ಹಕ್ಕು ಉಳಿಯುತ್ತದೆ. ಓಡಿಸುವ ಹಕ್ಕು ಉಳಿಯುವುದಿಲ್ಲ. "ಅರ್ಜಿ ಹಾಕಿದೀನಲ್ಲ" ಎಂಬ ಸಮಾಧಾನ ಪೊಲೀಸರ ಮುಂದೆ ನಡೆಯದು. ಲೈಸೆನ್ಸ್ ಇಲ್ಲದೆ ಓಡಿಸುವುದು ಇಲ್ಲಿ ದಂಡ ಕಟ್ಟಿ ಮುಗಿಸುವ ಟ್ರಾಫಿಕ್ ಕೇಸ್ ಅಲ್ಲ. ರಸ್ತೆ ಸಂಚಾರ ಕಾಯ್ದೆಯ 21ನೇ ಕಲಮಿನಡಿ ಅದು ಅಪರಾಧ. ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಗೊತ್ತಿದ್ದೂ ಕಾರು ಕೊಟ್ಟ ಮಾಲೀಕರಿಗೂ ಅದೇ ಶಿಕ್ಷೆ. ಸ್ನೇಹಿತರ ಕಾರು ಕೇಳುವ ಮೊದಲು ಅವರನ್ನು ಎಂಥ ಜಾಗದಲ್ಲಿ ನಿಲ್ಲಿಸುತ್ತಿದ್ದೇವೆ ಎಂದು ಯೋಚಿಸಿ. ಬ್ಲೂ ಕಾರ್ಡ್, ಮುಂದೆ ಪೌರತ್ವ ಎಂದೆಲ್ಲ ಆಸೆ ಇಟ್ಟುಕೊಂಡವರಿಗೆ ಕ್ರಿಮಿನಲ್ ಕೇಸ್ ಬೇಡ. ಇಲ್ಲಿ ರೈಲು ಬಸ್ಸು ಚೆನ್ನಾಗಿವೆ. ಆ ಕೆಲವು ತಿಂಗಳು ಅವುಗಳಲ್ಲೇ ಓಡಾಡಿ.

4. ಕಾಗದಪತ್ರ ಮೊದಲ ತಿಂಗಳಲ್ಲೇ ಸೇರಿಸಿ

ಅರ್ಜಿ ಸಲ್ಲಿಸುವ ಲೈಸೆನ್ಸ್ ಕಚೇರಿಗೆ ಬೇಕಾಗುವುದು ಇಷ್ಟು: ಪಾಸ್‌ಪೋರ್ಟ್, ವಿಳಾಸ ನೋಂದಣಿ ಪತ್ರ, ಬಯೊಮೆಟ್ರಿಕ್ ಫೋಟೊ, ಕಣ್ಣಿನ ಪರೀಕ್ಷೆಯ ಚೀಟಿ, ಪ್ರಥಮ ಚಿಕಿತ್ಸೆ ಕೋರ್ಸಿನ ಸರ್ಟಿಫಿಕೇಟ್, ಡಿಎಲ್ ಮತ್ತು ಅದರ ಜರ್ಮನ್ ಅನುವಾದ. ಡಿಎಲ್ ಇಂಗ್ಲಿಷಿನಲ್ಲೇ ಇದ್ದರೂ ಅನುವಾದ ಕೇಳುವ ಕಚೇರಿಗಳು ಹೆಚ್ಚು. ಎಲ್‌ಎಂವಿ ಅಂದರೆ ಇಲ್ಲಿನ ಯಾವ ವರ್ಗಕ್ಕೆ ಸಮ ಎಂಬುದು ಅವರಿಗೆ ಬೇಕು. ಎಡಿಎಸಿ ಎಂಬ ವಾಹನ ಸಂಘದಿಂದಲೋ ಪ್ರಮಾಣೀಕೃತ ಅನುವಾದಕರಿಂದಲೋ ಮಾಡಿಸಿ. ಕಣ್ಣಿನ ಪರೀಕ್ಷೆಯನ್ನು ಕನ್ನಡಕದ ಅಂಗಡಿಯಲ್ಲೇ ಕೆಲವು ಯೂರೋಗೆ ಮಾಡಿಕೊಡುತ್ತಾರೆ. ಎರಡು ವರ್ಷ ನಡೆಯುತ್ತದೆ. ಕನ್ನಡಕ ಹಾಕಿ ಪಾಸಾದರೆ ಲೈಸೆನ್ಸ್ ಮೇಲೆ 01 ಎಂಬ ಸಂಕೇತ ಬೀಳುತ್ತದೆ; ಆಮೇಲೆ ಕನ್ನಡಕ ಇಲ್ಲದೆ ಓಡಿಸುವಂತಿಲ್ಲ.

ಕಚೇರಿ ಒಪ್ಪಿಗೆ ಕೊಡದೆ ಥಿಯರಿ ಪರೀಕ್ಷೆಗೆ ಕೂರುವಂತಿಲ್ಲ, ಒಪ್ಪಿಗೆಗೆ ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಡ್ರೈವಿಂಗ್ ಸ್ಕೂಲ್ ಗೊತ್ತುಮಾಡಿಕೊಂಡು ಅರ್ಜಿಯನ್ನು ಮೊದಲು ಒಳಗೆ ಹಾಕಿ, ಓದುವುದನ್ನು ಆ ಕಾಯುವ ವಾರಗಳಲ್ಲಿ ಇಟ್ಟುಕೊಳ್ಳಿ. ಪಕ್ಕದ ಜಿಲ್ಲೆಯ ಗೆಳೆಯರ ಪಟ್ಟಿ ನಂಬಿ ಹೋಗಬೇಡಿ. ಒಂದೊಂದು ಕಚೇರಿ ಒಂದೊಂದು ಕಾಗದ ಹೆಚ್ಚಿಗೆ ಕೇಳುತ್ತದೆ. ನಿಮ್ಮ ಕಚೇರಿಯ ಪಟ್ಟಿಯೇ ಕೊನೆಯ ಮಾತು.

5. ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಮನಸ್ಸಿಟ್ಟು ಕೂರಿ

ತಲಾ 45 ನಿಮಿಷದ ಒಂಬತ್ತು ಪಾಠಗಳು, ಸಾಮಾನ್ಯವಾಗಿ ಒಂದೇ ಶನಿವಾರದಲ್ಲಿ ಮುಗಿಯುತ್ತವೆ. ದೊಡ್ಡ ಊರುಗಳಲ್ಲಿ ಇಂಗ್ಲಿಷಿನಲ್ಲೂ ನಡೆಯುತ್ತವೆ. ಪ್ರಜ್ಞೆ ತಪ್ಪಿದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಎದೆಯನ್ನು 30 ಸಲ ಒತ್ತಿ ಎರಡು ಸಲ ಉಸಿರು ಕೊಡುವುದು, ಹೆಲ್ಮೆಟ್ ಹುಷಾರಾಗಿ ತೆಗೆಯುವುದು, ಎಲ್ಲವನ್ನೂ ಕೈಯಿಂದ ಮಾಡಿಸುತ್ತಾರೆ.

ಅಪಘಾತ ಕಂಡೂ ನೆರವಾಗದೆ ಹೋಗುವುದು ಜರ್ಮನಿಯಲ್ಲಿ ಅಪರಾಧ. ನಮ್ಮಲ್ಲಿ ಬಹಳ ಜನ ಪೊಲೀಸು ಕೋರ್ಟು ಎಂದು ಹೆದರಿ ದೂರ ನಿಲ್ಲುತ್ತಿದ್ದರು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ತುರ್ತು ಸಂಖ್ಯೆಯೂ ಎರಡೂ ಕಡೆ 112. ಈ ಶನಿವಾರ ಕಲಿತದ್ದು ತುಮಕೂರು ರಸ್ತೆಯಲ್ಲೂ ಒಂದು ಜೀವ ಉಳಿಸಬಲ್ಲದು.

6. ಥಿಯರಿಯನ್ನು ಬಾಯಿಪಾಠ ಮಾಡಬೇಡಿ, ಲೆಕ್ಕ ಹಾಕಿ ನೋಡಿ

ಡಿಎಲ್ ಇರುವವರಿಗೆ ಥಿಯರಿ ತರಗತಿಗೆ ಹೋಗುವ ಕಡ್ಡಾಯವಿಲ್ಲ. ಪರೀಕ್ಷೆ ಮಾತ್ರ ಉಳಿದವರಿಗೆ ಇರುವಂಥದೇ: ಕಂಪ್ಯೂಟರಿನಲ್ಲಿ 30 ಪ್ರಶ್ನೆ, ತಪ್ಪಿಗೆ ಎರಡರಿಂದ ಐದು ಅಂಕ, ಹತ್ತು ತಪ್ಪು ಅಂಕದವರೆಗೆ ಪಾಸ್. ಐದು ಅಂಕದ ಎರಡು ಪ್ರಶ್ನೆ ತಪ್ಪಿದರೆ ಮೊತ್ತ ಹತ್ತೇ ಆದರೂ ಫೇಲ್. ಇಂಗ್ಲಿಷಿನಲ್ಲಿ ಬರೆಯಬಹುದು. ಕನ್ನಡವಿರಲಿ, ಹಿಂದಿಯೂ ಇಲ್ಲ. ಪ್ರಶ್ನೆಗಳ ಭಂಡಾರ ಸಾವಿರಕ್ಕಿಂತ ದೊಡ್ಡದು, ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಪರಿಷ್ಕರಣೆ ಆಗುತ್ತದೆ. ಹಳೆಯ ಆ್ಯಪ್ ಹಂಚಿಕೊಂಡು ಓದಬೇಡಿ.

ಓದುವಾಗ ಒಂದು ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಸಾಗುವ ದೂರ. ಹತ್ತರಿಂದ ಭಾಗಿಸಿದ್ದನ್ನು ಅದರಿಂದಲೇ ಗುಣಿಸಿದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ. ಗಂಟೆಗೆ 30 ಕಿ.ಮೀ.ನಲ್ಲಿ 9 ಮತ್ತು 9, ಒಟ್ಟು 18 ಮೀಟರ್. 50ರಲ್ಲಿ 15 ಮತ್ತು 25, ಒಟ್ಟು 40 ಮೀಟರ್. ಅಂದರೆ 30ರಲ್ಲಿ ಬರುತ್ತಿದ್ದ ಕಾರು ಮಗುವಿನ ಮುಂದೆ ನಿಂತೇಬಿಟ್ಟ ಜಾಗದಲ್ಲಿ, 50ರಲ್ಲಿ ಬಂದ ಕಾರು ಇನ್ನೂ ಬ್ರೇಕ್ ಹಿಡಿಯಲು ತೊಡಗಿರುತ್ತದೆ. ಇದು ತಲೆಗೆ ಇಳಿದರೆ ವಸತಿ ಬಡಾವಣೆಗಳಲ್ಲಿ 30 ಏಕೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಥಿಯರಿ ಪಾಸಾದ ಹನ್ನೆರಡು ತಿಂಗಳೊಳಗೆ ಡ್ರೈವಿಂಗ್ ಪರೀಕ್ಷೆ ಪಾಸಾಗಬೇಕು ಎಂಬುದೂ ನೆನಪಿರಲಿ.

7. ಡ್ರೈವಿಂಗ್ ಸ್ಕೂಲನ್ನು ಪ್ರಶ್ನೆ ಕೇಳಿ ಆರಿಸಿ

ಹೊಸಬರು ಹೆದ್ದಾರಿ, ಊರಾಚೆ, ರಾತ್ರಿ ಎಂದು ಹನ್ನೆರಡು ವಿಶೇಷ ಪಾಠ ಮಾಡಲೇಬೇಕು. ನಮಗೆ ಆ ಕಡ್ಡಾಯ ಇಲ್ಲ. ಆದರೆ ಪರೀಕ್ಷೆಗೆ ಸ್ಕೂಲಿನ ಕಾರು, ಪಕ್ಕದಲ್ಲಿ ಸ್ಕೂಲಿನ ಶಿಕ್ಷಕರು ಬೇಕೇ ಬೇಕು. ಹಾಗಾಗಿ ಸ್ಕೂಲ್ ಸೇರದೆ ದಾರಿಯಿಲ್ಲ. ಸೇರುವ ಮೊದಲು ಕೇಳಿ: ಭಾರತದ ಡಿಎಲ್ ಇರುವವರನ್ನು ಮುಂಚೆ ಪರೀಕ್ಷೆಗೆ ಕಳಿಸಿದ್ದೀರಾ? ಇಂಗ್ಲಿಷ್ ಬಲ್ಲ ಶಿಕ್ಷಕರಿದ್ದಾರಾ? ಪಾಠಕ್ಕೆಷ್ಟು, ಪರೀಕ್ಷೆಗೆ ಕರೆದೊಯ್ಯಲು ಬೇರೆ ಎಷ್ಟು? ಒಂದು ಪಾಠ ಅಂದರೆ 45 ನಿಮಿಷ. ದರ ಊರಿಂದ ಊರಿಗೆ ಬೇರೆ. ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಮೊದಲ ಪಾಠದಲ್ಲೇ "ನನ್ನ ಯಾವ ಅಭ್ಯಾಸ ಪರೀಕ್ಷೆಯಲ್ಲಿ ಫೇಲ್ ಮಾಡಿಸುತ್ತದೆ?" ಎಂದು ನೇರವಾಗಿ ಕೇಳಿ. ಬಲಗಡೆ ಸಂಚಾರ, ಎಡಗಡೆ ಸ್ಟಿಯರಿಂಗ್ ಕೆಲವೇ ಪಾಠಗಳಲ್ಲಿ ಕೈಗೆ ಹತ್ತುತ್ತವೆ. ಹಾರ್ನ್ ಒತ್ತುವ ಕೈ, ಲೇನ್ ಬಿಟ್ಟು ಸರಿಯುವ ಗಾಡಿ, ಸ್ಟಾಪ್ ಬೋರ್ಡಿನಲ್ಲಿ ಪೂರ್ತಿ ನಿಲ್ಲದ ಚಕ್ರ, ಇವು ಬದಲಾಗಲು ಹೊತ್ತು ಬೇಕು.

ಗೇರ್ ವಿಷಯ ಮುಂಚೆಯೇ ತೀರ್ಮಾನಿಸಿ. ಬರೀ ಆಟೊಮ್ಯಾಟಿಕ್ ಕಾರಿನಲ್ಲೇ ಪಾಠ ಮಾಡಿ ಅದರಲ್ಲೇ ಪರೀಕ್ಷೆ ಕೊಟ್ಟರೆ ಲೈಸೆನ್ಸ್ ಮೇಲೆ 78 ಎಂಬ ಸಂಕೇತ ಬರುತ್ತದೆ, ಆಟೊಮ್ಯಾಟಿಕ್ ಮಾತ್ರ ಓಡಿಸಬಹುದು. ಮುಂದೆ ಬಾಡಿಗೆ ವ್ಯಾನು, ಸ್ನೇಹಿತರ ಹಳೆ ಕಾರು ಓಡಿಸಬೇಕಾಗಬಹುದು ಎನ್ನುವವರು ಮ್ಯಾನುಯಲ್‌ನಲ್ಲೇ ಕೊಡುವುದು ಒಳ್ಳೆಯದು.

8. ಬಲಗಡೆಯಿಂದ ಬರುವವರು ನಿಮ್ಮನ್ನು ನೋಡುವುದಿಲ್ಲ

ನಮ್ಮವರನ್ನು ಹೆಚ್ಚು ಫೇಲ್ ಮಾಡಿಸುವ ಜಾಗ ಹೆದ್ದಾರಿಯಲ್ಲ, ಸದ್ದಿಲ್ಲದ ವಸತಿ ಬಡಾವಣೆ. ಅಲ್ಲಿನ ಕೂಡುರಸ್ತೆಗಳಲ್ಲಿ ಬೋರ್ಡ್ ಇರುವುದಿಲ್ಲ, ಸಿಗ್ನಲ್ ಇರುವುದಿಲ್ಲ. ಬೋರ್ಡ್ ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಬೆಂಗಳೂರಿನಲ್ಲಿ ಮೇನ್ ರೋಡಿನಲ್ಲಿ ಹೋಗುವವರು ಕ್ರಾಸ್‌ನಿಂದ ಬರುವವರಿಗೆ ನಿಲ್ಲುವುದಿಲ್ಲ. ಇಲ್ಲಿ ನೀವು ಹೋಗುತ್ತಿರುವ ರಸ್ತೆ ಎಷ್ಟೇ ಅಗಲವಿರಲಿ, ಬಲಗಡೆಯ ಗಲ್ಲಿ ಎಷ್ಟೇ ಕಿರಿದಿರಲಿ, ಆ ಗಲ್ಲಿಯಿಂದ ಬರುವ ಪುಟ್ಟ ಕಾರಿಗೆ ನೀವು ನಿಲ್ಲಬೇಕು. ಆ ಕಾರಿನವರು ನಿಧಾನಿಸುವುದಿಲ್ಲ, ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ನಿಲ್ಲುತ್ತೀರಿ ಎಂದು ಅವರಿಗೆ ಗೊತ್ತು.

ಇದನ್ನು ಹೀಗೆ ಅಭ್ಯಾಸ ಮಾಡಿ. ಕೂಡುರಸ್ತೆ ಹತ್ತಿರವಾದಾಗ ಆಕ್ಸಿಲರೇಟರ್ ಬಿಟ್ಟು ಕಾಲನ್ನು ಬ್ರೇಕಿನ ಮೇಲೆ ತನ್ನಿ. ನಿಲ್ಲಿಸಿದ ಕಾರುಗಳು, ಬೇಲಿಗಿಡಗಳು ಬಲಗಡೆಯ ರಸ್ತೆಯನ್ನು ಮರೆಮಾಡಿದ್ದರೆ ಇನ್ನೂ ನಿಧಾನಿಸಿ. ರಸ್ತೆ ಒಳಗಿನವರೆಗೂ ಕಂಡ ಮೇಲೆ ಮುಂದಕ್ಕೆ ಹೋಗಿ. ಹಳದಿ ವಜ್ರಾಕಾರದ ಬೋರ್ಡ್ ಕಂಡರೆ ನಿಮ್ಮದು ಹಕ್ಕಿನ ರಸ್ತೆ. ಬಲಗಡೆಯ ದಾರಿ ಫುಟ್‌ಪಾತಿನ ತಗ್ಗಿಸಿದ ಅಂಚನ್ನು ದಾಟಿ ಬರುತ್ತಿದ್ದರೆ ಅವರೇ ಕಾಯಬೇಕು. ಹಕ್ಕು ನಿಮ್ಮದಾಗಿರುವಾಗ ಸುಮ್ಮನೆ ನಿಂತು ಇನ್ನೊಬ್ಬರಿಗೆ ದಾರಿ ಬಿಡುವುದೂ ಇಲ್ಲಿ ಗೊಂದಲ ಮಾಡಿದಂತೆ, ಪರೀಕ್ಷಕರು ಅದನ್ನೂ ಬರೆದುಕೊಳ್ಳುತ್ತಾರೆ.

ಈ ನಿಯಮ ನಮಗೆ ಪರಕೀಯವೂ ಅಲ್ಲ. ಮೇನ್ ರೋಡ್ ಎಂದು ಗುರುತಿಸದ ಕಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಎಂದು ಭಾರತದ 1989ರ ರಸ್ತೆ ನಿಯಮಗಳೂ ಹೇಳುತ್ತಿದ್ದವು. ಅಲ್ಲಿ ಕಾಗದದಲ್ಲಿ ಉಳಿದದ್ದು ಇಲ್ಲಿ ರಸ್ತೆಯಲ್ಲಿ ನಡೆಯುತ್ತದೆ.

ಹೆಡ್‌ಲೈಟ್ ಮಿಂಚಿಸುವುದರ ಬಗ್ಗೆಯೂ ಎಚ್ಚರ. ನಮ್ಮಲ್ಲಿ ಅದು "ನಾನು ಬರ್ತಿದೀನಿ, ನಿಲ್ಲು". ಇಲ್ಲಿ ಊರೊಳಗೆ ಬಹಳ ಮಂದಿ "ನೀವು ಹೋಗಿ" ಎನ್ನಲು ಮಿಂಚಿಸುತ್ತಾರೆ. ನಮ್ಮ ಅಭ್ಯಾಸದಂತೆ ಲೈಟ್ ಹಾಕಿ ನುಗ್ಗಿದರೆ ಎದುರಿನವರೂ ನುಗ್ಗುತ್ತಾರೆ.

9. ಭುಜದ ಮೇಲಿಂದ ನೋಡದೆ ತಿರುಗಬೇಡಿ

ಬಲಕ್ಕೆ ತಿರುಗುವಾಗ ನಿಮ್ಮ ಬಲ ಪಕ್ಕದಲ್ಲಿ ಸೈಕಲ್ ದಾರಿ ಇರುತ್ತದೆ. ನಿಮಗೆ ಹಸಿರು, ನೇರ ಹೋಗುವ ಸೈಕಲ್ಲಿಗೂ ಹಸಿರು. ಸೈಕಲ್ಲಿಗೆ ಮೊದಲ ಹಕ್ಕು. ಒಳಗಿನ ಕನ್ನಡಿ, ಬಲಗಡೆಯ ಕನ್ನಡಿ ನೋಡಿ ಆದ ಮೇಲೂ ಆ ಸೈಕಲ್ ಕಾಣದೆ ಉಳಿಯುವ ಒಂದು ಜಾಗ ಇದೆ. ಗಲ್ಲ ಭುಜಕ್ಕೆ ತಾಗುವಷ್ಟು ತಿರುಗಿ ಪಕ್ಕದ ಗಾಜಿನಿಂದ ನೋಡಿದರೆ ಮಾತ್ರ ಆ ಜಾಗ ಕಾಣುವುದು. ತಿರುಗುವಾಗ, ಲೇನ್ ಬದಲಿಸುವಾಗ, ನಿಲ್ಲಿಸಿದ ಜಾಗದಿಂದ ಹೊರಡುವಾಗ, ಪ್ರತಿ ಸಲವೂ ನೋಡಬೇಕು. ಒಂದು ಸಲ ತಪ್ಪಿ ಅದರಿಂದ ಯಾರಿಗಾದರೂ ಅಪಾಯವಾದರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ.

ಸೈಕಲ್ಲನ್ನು ಓವರ್‌ಟೇಕ್ ಮಾಡುವಾಗ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಅಂತರ ಬಿಡಬೇಕು ಎಂದು 2020ರಿಂದ ನಿಯಮದಲ್ಲೇ ಬರೆದಿದ್ದಾರೆ. ಅಷ್ಟು ಜಾಗ ಇಲ್ಲದಿದ್ದರೆ ಹಿಂದೆಯೇ ಹೋಗಬೇಕು. ಹಾರ್ನ್ ಹೊಡೆದು ಸರಿಸುವಂತಿಲ್ಲ.

10. ಪರೀಕ್ಷೆಯ ದಿನ ನಿಮ್ಮ ನೋಟ ಹಿಂದೆ ಕೂತವರಿಗೆ ಕಾಣಬೇಕು

ಊರನ್ನು ನೋಡಿ ಟ್ಯೂಫ್ ಅಥವಾ ಡೆಕ್ರಾ ಸಂಸ್ಥೆಯ ಪರೀಕ್ಷಕರು ಬರುತ್ತಾರೆ. ಅವರು ಹಿಂದಿನ ಸೀಟಿನಲ್ಲಿ, ಶಿಕ್ಷಕರು ನಿಮ್ಮ ಪಕ್ಕದಲ್ಲಿ. ಒಟ್ಟು 55 ನಿಮಿಷ, ಅದರಲ್ಲಿ ಕನಿಷ್ಠ 30 ನಿಮಿಷ ಬರೀ ಡ್ರೈವಿಂಗ್. ಮೊದಲು ಟಯರು, ದೀಪ, ಎಣ್ಣೆಯ ಬಗ್ಗೆ ಒಂದೆರಡು ಪ್ರಶ್ನೆ ಕೇಳಬಹುದು. ಟಯರಿನ ಗೀರು ಕನಿಷ್ಠ 1.6 ಮಿ.ಮೀ. ಆಳ ಇರಬೇಕೆಂಬುದು ತಿಳಿದಿರಲಿ. ಆಮೇಲೆ ರಿವರ್ಸ್ ಪಾರ್ಕಿಂಗ್, ತಟ್ಟನೆ ಬ್ರೇಕ್ ಹಾಕಿ ನಿಲ್ಲಿಸುವುದು ಇಂಥವು. ಅಪಾಯ ತಪ್ಪಿಸಲು ಶಿಕ್ಷಕರು ತಮ್ಮ ಬ್ರೇಕ್ ಒತ್ತಿದರೆ ಪಾಸಾಗುವ ಆಸೆ ಬಿಡಬೇಕು.

ಅನುಭವಿ ಚಾಲಕರು ಕಣ್ಣಂಚಿನಲ್ಲೇ ಕನ್ನಡಿ ನೋಡಿಬಿಡುತ್ತಾರೆ. ಹಿಂದೆ ಕೂತವರಿಗೆ ಅದು ಕಾಣದು. ತಲೆಯನ್ನೇ ತಿರುಗಿಸಿ ನೋಡಿ. ದಿಕ್ಕಿನ ಸೂಚನೆಗಳನ್ನು ಜರ್ಮನ್‌ನಲ್ಲೇ ಕೊಡುತ್ತಾರೆ: ಲಿಂಕ್ಸ್, ರೆಶ್ಟ್ಸ್, ಗೆರಾಡೆಆವುಸ್. ಏನನ್ನೂ ಹೇಳದಿದ್ದರೆ ನೇರ ಹೋಗುವುದು ಎಂದರ್ಥ. ಈ ನಾಲ್ಕಾರು ಪದಗಳನ್ನು ಪಾಠದಲ್ಲೇ ರೂಢಿ ಮಾಡಿಕೊಳ್ಳಿ. ಫೇಲಾದರೆ ಏಕೆ ಎಂದು ಪರೀಕ್ಷಕರು ಹೇಳುತ್ತಾರೆ, ಲಿಖಿತ ವರದಿಯೂ ಸಿಗುತ್ತದೆ. ಆ ವರದಿ ಇಟ್ಟುಕೊಂಡು ಬರೀ ಆ ತಪ್ಪುಗಳ ಮೇಲೆ ಪಾಠ ತೆಗೆದುಕೊಳ್ಳಿ. ಸಾಮಾನ್ಯವಾಗಿ ಎರಡು ವಾರದ ನಂತರ ಮತ್ತೆ ಕೂರಬಹುದು.

11. ಹಳೆ ಕಾರ್ಡ್ ಕಚೇರಿಯಲ್ಲೇ ಉಳಿಯುತ್ತದೆ, ಸ್ಕೂಟರಿನ ಹಕ್ಕು ಬರುವುದಿಲ್ಲ

ಜರ್ಮನ್ ಲೈಸೆನ್ಸ್ ಕೈಗೆ ಬರುವುದು ಭಾರತದ ಡಿಎಲ್ ಒಪ್ಪಿಸಿದ ಮೇಲೆಯೇ. ಅದನ್ನು ಕಚೇರಿಯಲ್ಲಿ ಇಟ್ಟುಕೊಳ್ಳುತ್ತಾರೆ. ಮುಂದೆ ಅದು ಬೇಕಾದರೆ ಜರ್ಮನ್ ಕಾರ್ಡ್ ವಾಪಸ್ ಕೊಡಬೇಕು. ಒಪ್ಪಿಸುವ ಮೊದಲು ಎರಡೂ ಬದಿಯ ನಕಲು ತೆಗೆದಿಡಿ. ಕಾರ್ಡ್ ಕಳೆದಿದೆ ಎಂದು ಊರಿನಲ್ಲಿ ಬರೆದುಕೊಟ್ಟು ಡೂಪ್ಲಿಕೇಟ್ ತೆಗೆಸುವ ಸಲಹೆ ಕೊಡುವವರಿದ್ದಾರೆ. ಅದು ಸುಳ್ಳು ಹೇಳಿಕೆ, ಮಾಡಬೇಡಿ.

ಸಿಗುವುದು ಬಿ ವರ್ಗದ ಲೈಸೆನ್ಸ್: ಮೂರೂವರೆ ಟನ್‌ವರೆಗಿನ ವಾಹನ, ಚಾಲಕರಲ್ಲದೆ ಎಂಟು ಜನ. ಕಾರ್ಡ್ 15 ವರ್ಷ ನಡೆಯುತ್ತದೆ. ಹೊಸಬರಿಗಿರುವ ಎರಡು ವರ್ಷದ ಪ್ರೊಬೇಷನ್‌ನಲ್ಲಿ ನಿಮ್ಮ ಡಿಎಲ್‌ನ ವರ್ಷಗಳನ್ನು ಕಳೆಯುತ್ತಾರೆ. ಮೊದಲ ಪಾಠದಲ್ಲಿ ಡಿಎಲ್ ಪಡೆದ ದಿನಾಂಕದ ಮಾತು ಬಂದದ್ದು ಇದಕ್ಕೂ. ಊರಿನಲ್ಲಿ ಆ್ಯಕ್ಟಿವಾ ಓಡಿಸುತ್ತಿದ್ದೆವು ಎಂದು ಇಲ್ಲಿ 110 ಸಿಸಿ ಸ್ಕೂಟರ್ ಹತ್ತುವಂತಿಲ್ಲ. ಬಿ ವರ್ಗದ ಜೊತೆ ಬರುವುದು ಗಂಟೆಗೆ 45 ಕಿ.ಮೀ. ಮೀರದ ಮೊಪೆಡ್ ಮಾತ್ರ. ಮೋಟರ್‌ಬೈಕಿಗೆ ಪರೀಕ್ಷೆ ಬೇರೆ.

12. ಮನೆಯಲ್ಲಿ ಇಬ್ಬರಿಗೂ ಡಿಎಲ್ ಇದ್ದರೆ ಇಬ್ಬರೂ ಒಟ್ಟಿಗೆ ಅರ್ಜಿ ಹಾಕಿ

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಪಾಠ ಇದು. ಗಂಡನಿಗೆ ಕೆಲಸ, ಹೆಂಡತಿ ಜೊತೆಗೆ ಬಂದಿರುತ್ತಾರೆ. ಇಬ್ಬರ ಬಳಿಯೂ ಡಿಎಲ್ ಇರುತ್ತದೆ. "ಮೊದಲು ಅವರದು ಆಗಲಿ, ನನ್ನದು ಆಮೇಲೆ ನೋಡೋಣ" ಎನ್ನುವ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಆ ಆಮೇಲೆ ಬರುವುದೇ ಇಲ್ಲ. ಮಗು ಹುಟ್ಟುತ್ತದೆ, ಭಾಷೆಯ ತರಗತಿ ಶುರುವಾಗುತ್ತದೆ, ಊರಿನ ಡಿಎಲ್ ಅವಧಿಯೂ ಮುಗಿಯುತ್ತದೆ. ಆಗ ಹೊಸಬರಂತೆ ಹದಿನಾಲ್ಕು ಥಿಯರಿ ತರಗತಿ, ಹನ್ನೆರಡು ವಿಶೇಷ ಪಾಠ ಎಲ್ಲ ಸೇರಿ ಖರ್ಚು ಎರಡೂವರೆ ಸಾವಿರ ಯೂರೋ ಮೀರುವುದು ಸಾಮಾನ್ಯ. ಮನೆ ಬಾಡಿಗೆ ಕಡಿಮೆ ಎಂದು ಹಳ್ಳಿಯ ಕಡೆ ಮನೆ ಮಾಡಿದವರಿಗೆ, ಭಾನುವಾರ ಬಸ್ಸೇ ವಿರಳವಾದ ಊರಿನಲ್ಲಿ, ಲೈಸೆನ್ಸ್ ಇಲ್ಲವೆಂದರೆ ಕೆಲಸ ಹುಡುಕಲೂ ಮಗುವಿನ ಡಾಕ್ಟರ ಬಳಿ ಹೋಗಲೂ ಇನ್ನೊಬ್ಬರ ಬಿಡುವಿಗೆ ಕಾಯಬೇಕು.

ಆರು ತಿಂಗಳ ಗಡಿಯಾರ ಇಬ್ಬರಿಗೂ ಓಡುತ್ತಿರುತ್ತದೆ. ಪ್ರಥಮ ಚಿಕಿತ್ಸೆಯ ತರಗತಿಗೆ ಒಂದೇ ಶನಿವಾರ ಇಬ್ಬರೂ ಹೋಗಿ. ಥಿಯರಿಯನ್ನು ಒಬ್ಬರು ಕೇಳಿ ಒಬ್ಬರು ಹೇಳಿ ಓದಿ. ಖರ್ಚು ಒಂದೇ ಸಲ ಭಾರವೆನಿಸಿದರೆ ಡ್ರೈವಿಂಗ್ ಪಾಠಗಳನ್ನು ಒಬ್ಬರ ನಂತರ ಒಬ್ಬರು ಇಟ್ಟುಕೊಳ್ಳಬಹುದು, ಅರ್ಜಿಗಳು ಮಾತ್ರ ಒಂದೇ ದಿನ ಹೋಗಲಿ. ಮನೆಯಲ್ಲಿ ಇದನ್ನು ಈ ವಾರವೇ ಮಾತಾಡಿ ತೀರ್ಮಾನಿಸಿ; ಒಬ್ಬರದು ಮಾತ್ರ ಎನ್ನುವಂತಾದರೆ, ಮನೆಯಲ್ಲಿ ಹೆಚ್ಚು ಹೊತ್ತು ಒಬ್ಬರೇ ಇರುವವರ ಅರ್ಜಿ ಮೊದಲು ಹೋಗಲಿ.